ನೆಟ್ ಐತಿ, ಸೈಟ್ ತೆರೀವಲ್ದು: ಲಿನಕ್ಸ್‌ನಲ್ಲಿ ಡಿಎನ್‌ಎಸ್ ದೋಷ ಹುಡುಕುವುದು, ಸರ್ವರ್ ಬದಲಾಯಿಸುವುದು

ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಓದುವ ಹುಡುಗರ ಲ್ಯಾಪ್‌ಟಾಪ್, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರ್, ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಇ-ಟೆಂಡರ್ ನೋಡುವ ಹಳೇ ಸಿಸ್ಟಂ. ಇವುಗಳಲ್ಲಿ ಉಬುಂಟು, ಡೆಬಿಯನ್, ಫೆಡೋರಾ ಅನ್ನುವ ಲಿನಕ್ಸ್ ಹಾಕಿಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ನೆಟ್ ಕೈಕೊಟ್ಟಾಗ ಯಾರೋ ಒಬ್ಬರು "ಡಿಎನ್‌ಎಸ್ ಎಂಟು ಎಂಟು ಎಂಟು ಎಂಟು ಹಾಕ್ರಿ, ಸರಿ ಹೋಗ್ತದ" ಅನ್ನುತ್ತಾರೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹೇಳುವ ವ್ಯವಸ್ಥೆ, 8.8.8.8 ಅಂದರೆ ಗೂಗಲ್‌ನ ಡಿಎನ್‌ಎಸ್ ಸರ್ವರ್. ಅದನ್ನು ಹಾಕಿದರೆ ಒಮ್ಮೊಮ್ಮೆ ಸರಿ ಹೋಗುತ್ತದೆ. ಎಷ್ಟೋ ಸಲ ಆಗುವುದಿಲ್ಲ. ಇಲ್ಲವೇ ಇವತ್ತು ಸರಿ ಹೋಗಿ, ನಾಳೆ ಬೆಳಗ್ಗೆ ಮತ್ತೆ ಅದೇ ಪಾಡು.

ಕಾರಣ ಎರಡು. ತೊಂದರೆ ಡಿಎನ್‌ಎಸ್‌ನಲ್ಲೇ ಇದೆಯಾ ಅಂತ ಯಾರೂ ಮೊದಲು ನೋಡುವುದಿಲ್ಲ. ನೋಡಿದರೂ, ಡಿಎನ್‌ಎಸ್ ಸೆಟ್ಟಿಂಗನ್ನು ಈ ಯಂತ್ರದಲ್ಲಿ ಬರೆಯುವ ಯಜಮಾನ ಯಾರು ಅಂತ ಕೇಳುವುದಿಲ್ಲ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

ಕಮಾಂಡ್‌ಗಳನ್ನು ಇಲ್ಲಿ ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಸೆಟ್ಟಿಂಗ್ ಫೈಲ್‌ಗಳೊಳಗಿನ ಕೆಲವು ಹೆಸರುಗಳಲ್ಲಿ ಮಾತ್ರ ದೊಡ್ಡಕ್ಷರವೂ ಇದೆ (DNS, Domains, FallbackDNS, DNSOverTLS, generateResolvConf), ಅವನ್ನು ಹಾಗೇ ಬರೆಯಿರಿ. ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ: ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಇರುವ ರಿಸಾಲ್ವ್.ಕಾನ್ಫ್ ಅನ್ನುವ ಫೈಲಿನ ಹೆಸರಿನಲ್ಲಿ ಆರ್, ಇ, ಎಸ್, ಓ, ಎಲ್, ವಿ ಇಷ್ಟೇ ಅಕ್ಷರ. ವಿ ಆದಮೇಲೆ ಇನ್ನೊಂದು ಇ ಹಾಕಿದರೆ ಹೊಸ ಖಾಲಿ ಫೈಲ್ ತೆರೆದುಕೊಳ್ಳುತ್ತದೆ. ಅದರಲ್ಲಿ ಏನು ಬರೆದರೂ ಸಿಸ್ಟಂ ಓದುವುದಿಲ್ಲ.

ಕೈ ಹಾಕುವ ಮುಂಚೆ

ಮೊಬೈಲ್ ಹಾಟ್‌ಸ್ಪಾಟ್ ಒಂದನ್ನು ತಯಾರು ಇಟ್ಟುಕೊಳ್ಳಿ. ಇರುವ ನೆಟ್ಟೂ ಹೋದರೆ ಹುಡುಕಿ ಓದಲಿಕ್ಕಾದರೂ ದಾರಿ ಬೇಕಲ್ವಾ?

ಯಾವ ಫೈಲ್ ಮುಟ್ಟಿದರೂ ಮೊದಲು ಅದರ ನಕಲು ಮಾಡಿ, ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಇಡಿ.

ದೂರದಲ್ಲಿರುವ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ನೆಟ್‌ವರ್ಕ್ ಸೆಟ್ಟಿಂಗ್ ಬದಲಾಯಿಸುವುದು ಅಪಾಯದ ಕೆಲಸ. ತಪ್ಪಿದರೆ ಒಳಗೆ ಹೋಗುವ ಬಾಗಿಲೇ ಮುಚ್ಚುತ್ತದೆ. ಉಬುಂಟು ಸರ್ವರ್ ಆಗಿದ್ದರೆ "ನೆಟ್‌ಪ್ಲಾನ್ ಟ್ರೈ" ಬಳಸಿ. ಹೊಸ ಸೆಟ್ಟಿಂಗ್ ಹಾಕಿ 120 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ನೀವು ಎಂಟರ್ ಒತ್ತದಿದ್ದರೆ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ.

ಆಫೀಸು, ಕಾಲೇಜು, ಬ್ಯಾಂಕಿನ ಯಂತ್ರ ಆಗಿದ್ದರೆ ಸಿಸ್ಟಂ ನೋಡಿಕೊಳ್ಳುವವರನ್ನು ಕೇಳದೆ ಮುಟ್ಟಬೇಡಿ. ಅಲ್ಲಿ ಡಿಎನ್‌ಎಸ್ ಬದಲಾದರೆ ಒಳಗಿನ ಸೇವೆಗಳು ನಿಲ್ಲುತ್ತವೆ.

ಫೈಬರ್ ಕನೆಕ್ಷನ್ ಇರುವವರು ಗೋಡೆಯ ಡಬ್ಬಿಯಿಂದ ಬರುವ ಸಣ್ಣ ಕೇಬಲ್ ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರೊಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಹಾನಿ ಮಾಡಬಲ್ಲದು. ಮುಂಗಾರಿಗೆ ಮುಂಚಿನ ಗುಡುಗು-ಮಿಂಚಿನ ಹೊತ್ತಿನಲ್ಲಿ ರೌಟರ್ ವೈರ್ ಬಿಚ್ಚುವ, ಹಾಕುವ ಕೆಲಸವೂ ಬೇಡ.

"ವಾಟ್ಸಾಪ್ ನಡದೈತಿ, ಬ್ರೌಸರ್‌ದಾಗ ಒಂದೂ ತೆರೀವಲ್ದು"

ಡಿಎನ್‌ಎಸ್ ಕೆಟ್ಟಿದೆ ಅನ್ನಲು ಇದು ಒಳ್ಳೆಯ ಸುಳಿವು. ಹೆಸರು ಕೊಟ್ಟರೆ ನಂಬರ್ ಹೇಳುವುದು ಡಿಎನ್‌ಎಸ್‌ನ ಕೆಲಸ. ಆಗಲೇ ಕನೆಕ್ಟ್ ಆಗಿ ಕೂತಿರುವ ಆ್ಯಪ್‌ಗೆ ನಂಬರ್ ಗೊತ್ತಿದೆ, ಅದು ನಡೆಯುತ್ತಲೇ ಇರುತ್ತದೆ. ಹೊಸದಾಗಿ ಹೆಸರು ಕೇಳುವ ಬ್ರೌಸರ್ ಮಾತ್ರ ನಿಲ್ಲುತ್ತದೆ.

ಆದರೂ ಮೊದಲು ದುಡ್ಡೂ ಹೊತ್ತೂ ಬೇಡದ ಪರೀಕ್ಷೆ. ರೌಟರ್ ಮೇಲಿನ ದೀಪ ನೋಡಿ. ಫೈಬರ್ ಡಬ್ಬಿಯಲ್ಲಿ "ಲಾಸ್" (LOS) ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಫೈಬರ್ ಕಡಿದಿದೆ ಇಲ್ಲವೇ ಬಾಗಿದೆ. ಇಲ್ಲಿಗೇ ನಿಲ್ಲಿಸಿ, ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಡಿಎನ್‌ಎಸ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ದೀಪ ಸರಿ ಇದ್ದರೆ ಟರ್ಮಿನಲ್ ತೆರೆದು ಮೂರು ಪಿಂಗ್ ಮಾಡಿ. ಪಿಂಗ್ ಅಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ಅಂತ ಕೇಳಿ ನೋಡುವ ಕಮಾಂಡ್. ಒಂದೊಂದೂ ಒಂದೊಂದು ವಿಷಯ ಹೇಳುತ್ತದೆ.

ಪಿಂಗ್ 192.168.1.1. ಇದು ಬಹಳ ಮನೆಗಳಲ್ಲಿ ರೌಟರಿನ ನಂಬರ್. ನಿಮ್ಮದು ಬೇರೆ ಇರಬಹುದು, "ಐಪಿ ರೂಟ್" ಅಂತ ಕೊಟ್ಟರೆ "ಡಿಫಾಲ್ಟ್ ವಯಾ" ಪಕ್ಕದಲ್ಲಿ ಕಾಣುತ್ತದೆ. ಇದಕ್ಕೆ ಉತ್ತರ ಬರದಿದ್ದರೆ ನಿಮ್ಮ ಯಂತ್ರಕ್ಕೂ ರೌಟರಿಗೂ ನಡುವೆ ತೊಂದರೆ: ವೈಫೈ ಇಲ್ಲವೇ ಕೇಬಲ್.

ಪಿಂಗ್ 8.8.8.8. ಇದು ಬರದಿದ್ದರೆ ರೌಟರ್ ಆಚೆಗೆ ದಾರಿ ಇಲ್ಲ.

ಪಿಂಗ್ ವಿಕಿಪೀಡಿಯ.ಆರ್ಗ್. ಮೊದಲೆರಡೂ ಬಂದು ಇದು ಮಾತ್ರ ಬರದೆ, "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್" ಅಂತ ಬಂದರೆ ಹೆಸರಿನ ತೊಂದರೆಯೇ. ಮುಂದೆ ಓದಿ. ಒಂದು ಎಚ್ಚರ: ಕೆಲವು ಕಾಲೇಜು, ಆಫೀಸು ನೆಟ್‌ವರ್ಕ್‌ಗಳಲ್ಲಿ ಪಿಂಗ್ ಅನ್ನೇ ತಡೆದಿರುತ್ತಾರೆ. ಅಲ್ಲಿ ಪಿಂಗ್ ಬರಲಿಲ್ಲ ಅಂದ ಮಾತ್ರಕ್ಕೆ ನೆಟ್ ಇಲ್ಲ ಅಂತಲ್ಲ.

ಈ ಹಂತದಲ್ಲಿ ರೌಟರನ್ನು ಒಮ್ಮೆ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ನಮ್ಮ ಮನೆಗಳ ರೌಟರ್‌ಗಳು ತಮ್ಮನ್ನೇ ಡಿಎನ್‌ಎಸ್ ಅಂತ ಹೇಳಿಕೊಂಡು, ಬಂದ ಪ್ರಶ್ನೆಯನ್ನು ಕಂಪನಿಯ ಸರ್ವರಿಗೆ ದಾಟಿಸುತ್ತವೆ. ಹಾಗೆ ದಾಟಿಸುವ ಸಣ್ಣ ಪ್ರೋಗ್ರಾಂ ಸಿಕ್ಕಿಕೊಂಡರೆ ನೆಟ್ ಇದ್ದೂ ಹೆಸರು ಸಿಗುವುದಿಲ್ಲ. ಇಷ್ಟರಲ್ಲೇ ಸರಿ ಹೋದರೆ ಬೇರೇನೂ ಮುಟ್ಟಬೇಡಿ.

ಸರಿ ಹೋಗದಿದ್ದರೆ ಡಿಗ್ ಬೇಕು, ಅದು ಡಿಎನ್‌ಎಸ್ ಸರ್ವರನ್ನು ಕೇಳಿ ಉತ್ತರ ತೋರಿಸುವ ಕಮಾಂಡ್. ಉಬುಂಟು, ಡೆಬಿಯನ್‌ನಲ್ಲಿ ಡಿಎನ್‌ಎಸ್‌ಯುಟಿಲ್ಸ್, ಫೆಡೋರಾದಲ್ಲಿ ಬೈಂಡ್-ಯುಟಿಲ್ಸ್ ಪ್ಯಾಕೇಜಿನಲ್ಲಿ ಬರುತ್ತದೆ. "ಡಿಗ್ ವಿಕಿಪೀಡಿಯ.ಆರ್ಗ್" ಅಂದರೆ ನಿಮ್ಮ ಈಗಿನ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. "ಡಿಗ್ @9.9.9.9 ವಿಕಿಪೀಡಿಯ.ಆರ್ಗ್" ಅಂದರೆ ಕ್ವಾಡ್9 ಅನ್ನುವ ಸಂಸ್ಥೆಯ ಆ ಸರ್ವರನ್ನೇ ನೇರವಾಗಿ ಕೇಳುತ್ತದೆ. ಮೊದಲನೆಯದು ಸೋತು ಎರಡನೆಯದು ಗೆದ್ದರೆ ಮಾತ್ರ ಸರ್ವರ್ ಬದಲಾಯಿಸುವುದಕ್ಕೆ ಅರ್ಥವಿದೆ. ಎರಡೂ ಸೋತರೆ ಸರ್ವರ್ ಬದಲಾಯಿಸಿದರೂ ಅಷ್ಟೇ.

"ತೆರೀತೈತಿ, ಆದ್ರ ಪ್ರತಿ ಸಲ ಹೊತ್ತು ಹಿಡೀತೈತಿ"

ಸೈಟ್ ಒತ್ತಿದರೆ ಐದು ಸೆಕೆಂಡ್ ಸುಮ್ನೆ ಕೂತು, ಆಮೇಲೆ ಸರ್ರನೆ ತೆರೆಯುತ್ತದೆ. ಈ ಐದು ಅನ್ನುವ ಅಂಕಿ ಗಮನಿಸಿ. ಲಿನಕ್ಸ್‌ನ ಸಾಮಾನ್ಯ ಹುಡುಕಾಟ ಒಂದು ಸರ್ವರ್ ಉತ್ತರಕ್ಕೆ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಪಟ್ಟಿಯಲ್ಲಿರುವ ಮುಂದಿನದಕ್ಕೆ ಹೋಗುತ್ತದೆ. ಅಂದರೆ ಪಟ್ಟಿಯ ಮೊದಲ ಸರ್ವರ್ ಸತ್ತಿದೆ, ಎರಡನೆಯದು ಬದುಕಿದೆ. ಪ್ರತಿ ಹೊಸ ಹೆಸರಿಗೂ ಆ 5 ಸೆಕೆಂಡ್ ದಂಡ.

"ಕ್ಯಾಟ್ /ಇಟಿಸಿ/ರಿಸಾಲ್ವ್.ಕಾನ್ಫ್" ಅಂತ ಕೊಟ್ಟು ನೇಮ್‌ಸರ್ವರ್ ಸಾಲುಗಳನ್ನು ನೋಡಿ. ಒಂದೊಂದನ್ನೂ ಡಿಗ್‌ನಲ್ಲಿ @ ಹಾಕಿ ಬೇರೆ ಬೇರೆ ಕೇಳಿ. ಸತ್ತದ್ದು ಯಾವುದು ಗೊತ್ತಾಗುತ್ತದೆ, ಅದನ್ನು ತೆಗೆದರೆ ಆಯಿತು (ಎಲ್ಲಿಂದ ತೆಗೆಯಬೇಕು ಅನ್ನುವುದು ಮುಂದಿನ ಭಾಗದಲ್ಲಿದೆ). ಒಂದು ಸಾಲಿಗೆ ಒಂದೇ ವಿಳಾಸ, ಹೆಚ್ಚೆಂದರೆ 3 ಸಾಲು. ಒಂದೇ ಸಾಲಿನಲ್ಲಿ ಎರಡು ವಿಳಾಸ ಬರೆದರೆ ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ, ನಾಲ್ಕನೇ ಸಾಲನ್ನೂ ಓದುವುದಿಲ್ಲ.

ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದಾಗ ಒಳಗೆ ಬಿಡಲು ಬಹಳ ಹೊತ್ತು ಮಾಡಿದರೆ ಅದಕ್ಕೂ ಇದೇ ಕಾರಣ ಇರಬಹುದು. ನೀವು ಯಾವ ಹೆಸರಿನಿಂದ ಬಂದಿರಿ ಅಂತ ಆ ಸರ್ವರ್ ಡಿಎನ್‌ಎಸ್ ಕೇಳುತ್ತಾ ಕೂತಿರುತ್ತದೆ. ಸುಡೋ (ಅಡ್ಮಿನ್ ಅಧಿಕಾರದಿಂದ ಕಮಾಂಡ್ ನಡೆಸುವುದು) ಕೊಟ್ಟಾಗ "ಅನೇಬಲ್ ಟು ರಿಸಾಲ್ವ್ ಹೋಸ್ಟ್" ಅಂತ ಬಂದರೆ ಅದು ಬೇರೆ ಕಥೆ: ನಿಮ್ಮ ಯಂತ್ರದ ಹೆಸರು /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಇಲ್ಲ. 127.0.1.1 ಪಕ್ಕದಲ್ಲಿ ಆ ಹೆಸರು ಬರೆಯಿರಿ, ಮುಗಿಯಿತು.

ಡಿಗ್ ಉತ್ತರದ ಕೊನೆಯಲ್ಲಿ "ಕ್ವೆರಿ ಟೈಮ್" ಅಂತ ಒಂದು ಸಾಲು ಇರುತ್ತದೆ. ಯಾವ ಸರ್ವರ್ ವೇಗ ಅಂತ ಊಹೆ ಮಾಡುವ ಬದಲು ಇದನ್ನು ನೋಡಿ. ಎರಡೆರಡು ಸಲ ಕೇಳಿ, ಯಾಕೆಂದರೆ ಎರಡನೇ ಸಲ ಉತ್ತರ ಸರ್ವರಿನ ನೆನಪಿನಿಂದ ಬರುತ್ತದೆ. ನೆಟ್ ಕೊಟ್ಟವರ ಸರ್ವರೇ ಹತ್ತಿರ ಇರುವುದರಿಂದ ಎಷ್ಟೋ ಕಡೆ ಅದೇ ಮುಂದಿರುತ್ತದೆ. ಅದು ಸರಿಯಾಗಿ ನಡೆಯುತ್ತಿದ್ದರೆ ಬದಲಾಯಿಸುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಡೌನ್‌ಲೋಡ್ ವೇಗ ಕಡಿಮೆ ಇದೆ ಅಂತ ಡಿಎನ್‌ಎಸ್ ಬದಲಾಯಿಸುವವರೂ ಇದ್ದಾರೆ. ಹೆಸರು ಸಿಕ್ಕಮೇಲೆ ಫೈಲ್ ಬರುವ ವೇಗಕ್ಕೆ ಡಿಎನ್‌ಎಸ್ ಹೊಣೆಯಲ್ಲ.

"ಚೇಂಜ್ ಮಾಡಿದ್ದೆ, ಬೆಳಗ್ಗೆ ನೋಡಿದ್ರ ಹಳೇದ ಐತಿ"

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ನ್ಯಾನೋ ಅನ್ನುವ ಎಡಿಟರಿನಲ್ಲಿ ರಿಸಾಲ್ವ್.ಕಾನ್ಫ್ ತೆರೆದರು, 8.8.8.8 ಬರೆದರು, ಸೇವ್ ಮಾಡಿದರು, ಸೈಟ್ ತೆರೆಯಿತು. ಕರೆಂಟ್ ಹೋಗಿ ಬಂದಮೇಲೆ ನೋಡಿದರೆ ಬರೆದದ್ದು ಮಾಯ.

ಈ ಫೈಲ್ ದಲಾಲಿ ಅಂಗಡಿಯ ರೇಟ್ ಬೋರ್ಡ್ ಇದ್ದ ಹಾಗೆ. ನೀವು ಅಳಿಸಿ ನಿಮ್ಮ ರೇಟು ಬರೆದರೂ ನಾಳೆ ಮುನೀಮ ಬಂದು ತನ್ನ ಪಟ್ಟಿ ನೋಡಿ ಮತ್ತೆ ಬರೆಯುತ್ತಾನೆ. ಬದಲಾಯಿಸಬೇಕಾದ್ದು ಮುನೀಮನ ಪಟ್ಟಿಯನ್ನು. ಹಾಗಾಗಿ ಮೊದಲು ಮುನೀಮ ಯಾರು ಅಂತ ಹುಡುಕಿ.

"ಎಲ್‌ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್" ಅಂತ ಕೊಡಿ. ಸಾಲಿನ ಕೊನೆಯಲ್ಲಿ ಬಾಣದ ಗುರುತು ಇದ್ದರೆ ಅದು ನಿಜವಾದ ಫೈಲ್ ಅಲ್ಲ, ಬೇರೆ ಕಡೆಗೆ ಬೆರಳು ತೋರಿಸುವ ಲಿಂಕ್. ಆ ಬಾಣ ಎಲ್ಲಿಗೆ ಹೋಗಿದೆ ನೋಡಿ. ಆಮೇಲೆ ಫೈಲ್ ತೆರೆದು ಮೇಲಿನ # ಗುರುತಿನ ಸಾಲುಗಳನ್ನು ಓದಿ. ಯಾರೂ ಓದದ ಆ ಸಾಲುಗಳಲ್ಲೇ ಯಜಮಾನನ ಹೆಸರು ಸಾಮಾನ್ಯವಾಗಿ ಬರೆದಿರುತ್ತದೆ.

ನೇಮ್‌ಸರ್ವರ್ 127.0.0.53 ಅಂತ ಇದ್ದರೆ ಯಜಮಾನ ಸಿಸ್ಟಮ್‌ಡಿ-ರಿಸಾಲ್ವ್ಡ್. ಈಗಿನ ಉಬುಂಟುಗಳಲ್ಲೂ, 2020ರಲ್ಲಿ ಬಂದ ಫೆಡೋರಾ 33ರಿಂದ ಈಚೆಗೂ ಇದೇ ರೂಢಿ. 127.0.0.53 ನೋಡಿ ವೈರಸ್ ಅಂತ ಹೆದರುವವರಿದ್ದಾರೆ. ಅದು ನಿಮ್ಮ ಯಂತ್ರದೊಳಗೇ ಇರುವ ಮಧ್ಯವರ್ತಿ, ಅಷ್ಟೇ. ನಿಜವಾದ ಸರ್ವರ್ ಯಾವುದು ಅಂತ "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಹೇಳುತ್ತದೆ. ಅದರಲ್ಲಿ ಮೇಲೆ "ಗ್ಲೋಬಲ್" ಅಂತ ಒಂದು ಭಾಗ, ಕೆಳಗೆ ವೈಫೈ, ಕೇಬಲ್‌ಗೆ ಬೇರೆ ಬೇರೆ "ಲಿಂಕ್" ಭಾಗ ಇರುತ್ತವೆ. "ಕರೆಂಟ್ ಡಿಎನ್‌ಎಸ್ ಸರ್ವರ್" ಅನ್ನುವ ಸಾಲಿನಲ್ಲಿರುವುದೇ ಈಗ ಕೇಳುತ್ತಿರುವ ಸರ್ವರ್.

ಶಾಶ್ವತವಾಗಿ ಬರೆಯುವ ಮುಂಚೆ ತಾತ್ಕಾಲಿಕವಾಗಿ ಹಾಕಿ ನೋಡುವ ಒಳ್ಳೆಯ ದಾರಿ ಇಲ್ಲಿದೆ. ನಿಮ್ಮ ವೈಫೈ ಕಾರ್ಡಿನ ಹೆಸರು "ಐಪಿ ಲಿಂಕ್"ನಲ್ಲಿ ಸಿಗುತ್ತದೆ. "ಸುಡೋ ರಿಸಾಲ್ವ್‌ಸಿಟಿಎಲ್ ಡಿಎನ್‌ಎಸ್", ಆಮೇಲೆ ಆ ಕಾರ್ಡಿನ ಹೆಸರು, ಆಮೇಲೆ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್) ಅಂತ ಕೊಡಿ. ಕೂಡಲೇ ಜಾರಿಗೆ ಬರುತ್ತದೆ. ರೀಬೂಟ್ ಆದರೆ ಅಳಿಸಿಹೋಗುತ್ತದೆ, ಆದ್ದರಿಂದ ಕೆಟ್ಟರೂ ಚಿಂತೆಯಿಲ್ಲ. ಅರ್ಧ ದಿನ ಹೀಗೇ ಬಳಸಿ, ಸರಿ ಅನ್ನಿಸಿದರೆ ಮಾತ್ರ ಮುಂದಿನ ಹೆಜ್ಜೆ.

"ಜನರೇಟೆಡ್ ಬೈ ನೆಟ್‌ವರ್ಕ್‌ಮ್ಯಾನೇಜರ್" ಅಂತ ಇದ್ದರೆ, ನೆಟ್ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಆ ಪ್ರೋಗ್ರಾಮೇ ಯಜಮಾನ. ರಿಸಾಲ್ವ್ಡ್ ಇರುವ ಡೆಸ್ಕ್‌ಟಾಪ್‌ಗಳಲ್ಲೂ ಅದಕ್ಕೆ ವಿಳಾಸ ಕೊಡುವುದು ಸಾಮಾನ್ಯವಾಗಿ ನೆಟ್‌ವರ್ಕ್‌ಮ್ಯಾನೇಜರೇ. ಆದ್ದರಿಂದ ಲ್ಯಾಪ್‌ಟಾಪ್ ಇರುವವರು ಟರ್ಮಿನಲ್ ಬಿಟ್ಟು ಸೆಟ್ಟಿಂಗ್ಸ್‌ಗೆ ಹೋಗಿ: ವೈಫೈ, ನಿಮ್ಮ ಕನೆಕ್ಷನ್ ಪಕ್ಕದ ಹಲ್ಲುಚಕ್ರದ ಗುರುತು, ಐಪಿವಿ4. ಅಲ್ಲಿ ಡಿಎನ್‌ಎಸ್ ಎದುರಿಗಿರುವ "ಆಟೋಮ್ಯಾಟಿಕ್" ಆಫ್ ಮಾಡಿ, ಕೆಳಗಿನ ಖಾನೆಯಲ್ಲಿ 9.9.9.9, 1.1.1.1 ಅಂತ ಕಾಮಾ ಹಾಕಿ ಬರೆಯಿರಿ. ಅಪ್ಲೈ ಒತ್ತಿ, ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಫ್-ಆನ್ ಮಾಡದೆ "ಆಗಲಿಲ್ಲ" ಅನ್ನುವವರೇ ಜಾಸ್ತಿ.

ಟರ್ಮಿನಲ್‌ನಲ್ಲೇ ಮಾಡಬೇಕಿದ್ದರೆ "ಎನ್ಎಮ್‌ಸಿಎಲ್‌ಐ ಕನೆಕ್ಷನ್ ಮಾಡಿಫೈ" ಬಳಸಿ. ಅದಾದಮೇಲೆ ಕನೆಕ್ಷನ್ ಹೆಸರು, ಆಮೇಲೆ ಐಪಿವಿ4.ಡಿಎನ್‌ಎಸ್ ಮತ್ತು ವಿಳಾಸ ಕೊಡಿ. ಜೊತೆಗೆ ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್ ಅಂತ ಕೊಡಲೇಬೇಕು. ಈ ಎರಡನೆಯದನ್ನು ಬಿಟ್ಟರೆ ನಿಮ್ಮ ವಿಳಾಸದ ಜೊತೆ ರೌಟರ್ ಹೇಳಿದ ವಿಳಾಸವೂ ಪಟ್ಟಿಯಲ್ಲಿ ಉಳಿಯುತ್ತದೆ. ಕೊನೆಗೆ "ಎನ್ಎಮ್‌ಸಿಎಲ್‌ಐ ಕನೆಕ್ಷನ್ ಅಪ್" ಮತ್ತು ಕನೆಕ್ಷನ್ ಹೆಸರು. ಈ ಬದಲಾವಣೆ ಆ ಒಂದು ಕನೆಕ್ಷನ್‌ಗೆ ಮಾತ್ರ. ಮನೆಯ ವೈಫೈಗೆ ಹಾಕಿದ್ದು ಹಾಟ್‌ಸ್ಪಾಟ್‌ಗೆ ಬರುವುದಿಲ್ಲ, ಅದು ಒಳ್ಳೆಯದೇ.

ಉಬುಂಟು ಸರ್ವರ್‌ನಲ್ಲಿ ಪಟ್ಟಿ ಇರುವುದು /ಇಟಿಸಿ/ನೆಟ್‌ಪ್ಲಾನ್ ಒಳಗೆ. ಅಲ್ಲಿ ನೇಮ್‌ಸರ್ವರ್ಸ್ ಕೆಳಗೆ ಅಡ್ರೆಸಸ್ ಬರೆಯಿರಿ. ರೌಟರ್ ಕೊಡುವುದು ಬೇಡವಾದರೆ ಡಿಎಚ್‌ಸಿಪಿ4-ಓವರ್‌ರೈಡ್ಸ್ ಕೆಳಗೆ ಯೂಸ್-ಡಿಎನ್‌ಎಸ್ ಫಾಲ್ಸ್ ಅಂತ ಹಾಕಿ. ಈ ಫೈಲಿನಲ್ಲಿ ಸಾಲಿನ ಶುರುವಿನಲ್ಲಿ ಬಿಡುವ ಖಾಲಿ ಜಾಗ ಬಹಳ ಮುಖ್ಯ. ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಒತ್ತಿದರೆ ಫೈಲ್ ಓದುವುದೇ ಇಲ್ಲ.

ಹಳೇ ಡೆಬಿಯನ್‌ಗಳಲ್ಲಿ, ರೌಟರಿನಿಂದ ವಿಳಾಸ ಕೇಳಿ ತರುವ ಡಿಎಚ್‌ಕ್ಲೈಂಟ್ ಅನ್ನುವ ಪ್ರೋಗ್ರಾಂ ಯಜಮಾನ. ಅದರ ಕಾನ್ಫ್ ಫೈಲಿನಲ್ಲಿ "ಸೂಪರ್‌ಸೀಡ್ ಡೊಮೇನ್-ನೇಮ್-ಸರ್ವರ್ಸ್" ಅಂತ ಬರೆದು ವಿಳಾಸ ಕೊಟ್ಟು ಕೊನೆಗೆ ಸೆಮಿಕೋಲನ್ ಹಾಕಿ. ಸೂಪರ್‌ಸೀಡ್ ಅಂದರೆ ರೌಟರ್ ಹೇಳಿದ್ದನ್ನು ಬಿಟ್ಟು ಇದನ್ನೇ ಹಿಡಿ. ಪ್ರಿಪೆಂಡ್ ಅಂತ ಬರೆದರೆ ನಿಮ್ಮದು ಮೊದಲು, ರೌಟರಿನದು ಆಮೇಲೆ.

ವಿಂಡೋಸ್ ಒಳಗೆ ಡಬ್ಲ್ಯುಎಸ್‌ಎಲ್ ಹಾಕಿ ಲಿನಕ್ಸ್ ಕಲಿಯುವ ಹುಡುಗರಿಗೂ ಇದೇ ಗೋಳು. ಅಲ್ಲಿ /ಇಟಿಸಿ/ಡಬ್ಲ್ಯುಎಸ್‌ಎಲ್.ಕಾನ್ಫ್ ಫೈಲಿನಲ್ಲಿ ನೆಟ್‌ವರ್ಕ್ ಭಾಗದ ಕೆಳಗೆ ಜನರೇಟ್‌ರಿಸಾಲ್ವ್‌ಕಾನ್ಫ್ ಅನ್ನು ಫಾಲ್ಸ್ ಮಾಡಬೇಕು. ಆಮೇಲೆ ವಿಂಡೋಸ್ ಕಡೆಯಿಂದ "ಡಬ್ಲ್ಯುಎಸ್‌ಎಲ್ --ಶಟ್‌ಡೌನ್" ಕೊಟ್ಟು ಮತ್ತೆ ತೆರೆಯಬೇಕು. ಆಮೇಲೆ ರಿಸಾಲ್ವ್.ಕಾನ್ಫ್ ಬರೆದರೆ ಉಳಿಯುತ್ತದೆ.

"ಚಾಟ್ರ್ +ಐ" ಹಾಕಿ ಫೈಲಿಗೆ ಬೀಗ ಜಡಿಯಿರಿ ಅನ್ನುವ ಸಲಹೆ ಬಹಳ ಓಡಾಡುತ್ತದೆ. ದಯವಿಟ್ಟು ಬೇಡ. ಆರು ತಿಂಗಳು ಬಿಟ್ಟು ಬೇರೆಯವರು ಆ ಯಂತ್ರ ರಿಪೇರಿಗೆ ಕೂತಾಗ, ರೂಟ್ ಆಗಿದ್ದರೂ ಫೈಲ್ ಯಾಕೆ ಬದಲಾಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ) ಕೂಡ ತನ್ನ ಡಿಎನ್‌ಎಸ್ ಬರೆಯಲಾಗದೆ ಸೋಲುತ್ತದೆ. ಈಗಾಗಲೇ ಯಾರಾದರೂ ಹಾಕಿದ್ದಾರಾ ಅಂತ "ಎಲ್‌ಎಸ್‌ಆ್ಯಟ್ರ್" ತೋರಿಸುತ್ತದೆ, "ಚಾಟ್ರ್ -ಐ" ಬೀಗ ತೆಗೆಯುತ್ತದೆ.

"ಹೊಸದು ಹಾಕೇನಿ, ಆದ್ರೂ ಹಳೇ ಸರ್ವರ್ ಉತ್ತರ ಕೊಡಾಕತ್ತೈತಿ"

ಮೊದಲು ಹಳೆಯ ನೆನಪು ತೆಗೆಯಿರಿ: "ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್". ಬ್ರೌಸರನ್ನೂ ಪೂರ್ತಿ ಮುಚ್ಚಿ ತೆರೆಯಿರಿ.

ಆಮೇಲೆ ಬ್ರೌಸರಿನ ಸೆಟ್ಟಿಂಗ್ ನೋಡಿ. ಫೈರ್‌ಫಾಕ್ಸ್‌ನಲ್ಲಿ "ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್", ಕ್ರೋಮ್‌ನಲ್ಲಿ "ಸೆಕ್ಯೂರ್ ಡಿಎನ್‌ಎಸ್" ಆನ್ ಇದ್ದರೆ ಬ್ರೌಸರ್ ನಿಮ್ಮ ಸಿಸ್ಟಂ ಸೆಟ್ಟಿಂಗ್ ಕೇಳದೆ ತನ್ನ ದಾರಿ ಹಿಡಿಯಬಹುದು. ಟರ್ಮಿನಲ್‌ನಲ್ಲಿ ಒಂದು ಉತ್ತರ, ಬ್ರೌಸರ್‌ನಲ್ಲಿ ಇನ್ನೊಂದು ಬರುತ್ತಿದ್ದರೆ ಇದೇ ಮೊದಲ ಅನುಮಾನ.

ಅದೂ ಅಲ್ಲವಾದರೆ ಐಪಿವಿ6, ಅಂದರೆ ಉದ್ದ ನಂಬರಿನ ಹೊಸ ವಿಳಾಸ ಪದ್ಧತಿ. ಐಪಿವಿ4ರಲ್ಲಿ ಮಾತ್ರ ಬದಲಾಯಿಸಿದ್ದೀರಿ, ರೌಟರ್ ಐಪಿವಿ6 ಕಡೆಯಿಂದ ತನ್ನ ಡಿಎನ್‌ಎಸ್ ಕೊಡುತ್ತಲೇ ಇದೆ. ಐಪಿವಿ6 ಹಾಳೆಯಲ್ಲೂ ಆಟೋಮ್ಯಾಟಿಕ್ ಆಫ್ ಮಾಡಿ 2606:4700:4700::1111 ಅಂತ ಹಾಕಿ. ಇದು 1.1.1.1 ಸರ್ವರಿನ ಐಪಿವಿ6 ವಿಳಾಸ. 8.8.8.8ಕ್ಕೆ 2001:4860:4860::8888.

ರಿಸಾಲ್ವ್ಡ್.ಕಾನ್ಫ್ (ಸಿಸ್ಟಮ್‌ಡಿ-ರಿಸಾಲ್ವ್ಡ್‌ನ ಸ್ವಂತ ಸೆಟ್ಟಿಂಗ್ ಫೈಲ್, ರಿಸಾಲ್ವ್.ಕಾನ್ಫ್ ಅಲ್ಲ) ಫೈಲಿನಲ್ಲಿ ಡಿಎನ್‌ಎಸ್ ಬರೆದವರಿಗೆ ಒಂದು ಮಾತು. ಅಲ್ಲಿ ಬರೆದದ್ದು ಗ್ಲೋಬಲ್ ಭಾಗಕ್ಕೆ ಹೋಗುತ್ತದೆ, ಆದರೆ ವೈಫೈ ಲಿಂಕಿನ ಸರ್ವರ್ ಹಾಗೇ ಉಳಿಯುತ್ತದೆ. ಎಲ್ಲ ಪ್ರಶ್ನೆಗೂ ನಿಮ್ಮ ಸರ್ವರಿಗೇ ಆದ್ಯತೆ ಸಿಗಬೇಕಾದರೆ ಅದೇ ಫೈಲಿನಲ್ಲಿ "ಡೊಮೇನ್ಸ್=~." ಅಂತಲೂ ಬರೆಯಿರಿ. ಆ ಬಾಗಿದ ಗೆರೆ ಮತ್ತು ಚುಕ್ಕಿ ಎರಡೂ ಬೇಕು. "ಫಾಲ್‌ಬ್ಯಾಕ್‌ಡಿಎನ್‌ಎಸ್" ಸಾಲಿನಲ್ಲಿ ಬರೆದದ್ದು ಬೇರೆ ಯಾವ ಸರ್ವರೂ ಇಲ್ಲದಾಗ ಮಾತ್ರ ಬಳಕೆಗೆ ಬರುತ್ತದೆ. ಎಷ್ಟೋ ಜನ ಅಲ್ಲಿ ಬರೆದು ಕಾಯುತ್ತಾರೆ.

ಇಷ್ಟೆಲ್ಲ ಆದರೂ ಅನುಮಾನ ಉಳಿದರೆ, ನಡುವೆ ಯಾರೋ ಪ್ರಶ್ನೆಯನ್ನೇ ಹಿಡಿದು ತಾವೇ ಉತ್ತರ ಕೊಡುತ್ತಿರಬಹುದು. ಸಾದಾ ಡಿಎನ್‌ಎಸ್ 53ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಒಂದೊಂದು ಸೇವೆಗೆ ಇರುವ ಬಾಗಿಲಿನ ನಂಬರ್) ಮುಚ್ಚುಮರೆ ಇಲ್ಲದೆ ಹೋಗುತ್ತದೆ, ಹಾಗಾಗಿ ದಾರಿ ತಿರುಗಿಸುವುದು ಕಷ್ಟವಲ್ಲ. ಪರೀಕ್ಷೆ ಸರಳ: "ಡಿಗ್ @192.0.2.1 ವಿಕಿಪೀಡಿಯ.ಆರ್ಗ್". 192.0.2 ಸಾಲಿನ ವಿಳಾಸಗಳನ್ನು ಪುಸ್ತಕ, ಕೈಪಿಡಿಗಳ ಉದಾಹರಣೆಗೆ ಅಂತಲೇ ಮೀಸಲಿಟ್ಟಿದ್ದಾರೆ, ಅಲ್ಲಿ ಸರ್ವರೇ ಇರುವುದಿಲ್ಲ. "ಟೈಮ್ಡ್ ಔಟ್" ಬಂದರೆ ಸರಿ. ಉತ್ತರ ಬಂದರೆ ನಡುವೆ ಕೈ ಇದೆ ಅಂತ ಗೊತ್ತಾಯಿತು. ಆಗ ರಿಸಾಲ್ವ್ಡ್.ಕಾನ್ಫ್‌ನಲ್ಲಿ "ಡಿಎನ್‌ಎಸ್‌ಓವರ್‌ಟಿಎಲ್‌ಎಸ್=ಯೆಸ್" ಹಾಕಿದರೆ ಪ್ರಶ್ನೆ 853ನೇ ಪೋರ್ಟಿನಲ್ಲಿ ಗುಪ್ತವಾಗಿ ಹೋಗುತ್ತದೆ. ಮನೆ ನೆಟ್ಟಿಗೆ ಮಾತ್ರ ಇದು. ಕಾಲೇಜು, ಆಫೀಸಿನಲ್ಲಿ ಹಾಗೆ ತಿರುಗಿಸಿರುವುದಕ್ಕೆ ಅವರದೇ ಕಾರಣ ಇರುತ್ತದೆ, ಅಲ್ಲಿ ಕೇಳಿ ಮಾಡಿ.

"ಹೊರಗಿಂದೆಲ್ಲಾ ಸಿಗ್ತೈತಿ, ನಮ್ಮ ಪ್ರಿಂಟರ್ ಸಿಗವಲ್ದು"

ಗದಗಿನ ಒಂದು ಪ್ರೆಸ್ಸಿನಲ್ಲಿ ನಾಲ್ಕು ಕಂಪ್ಯೂಟರ್, ಒಂದು ನೆಟ್‌ವರ್ಕ್ ಪ್ರಿಂಟರ್ ಇದೆ ಅಂದುಕೊಳ್ಳಿ. ಪ್ರಿಂಟರಿಗೆ ರೌಟರ್ ಒಂದು ಹೆಸರು ಕೊಟ್ಟಿದೆ. ಆ ಹೆಸರು ಗೊತ್ತಿರುವುದು ಆ ರೌಟರಿಗೆ ಮಾತ್ರ. ನೀವು ಡಿಎನ್‌ಎಸ್ 8.8.8.8 ಅಂತ ಮಾಡಿದ ಕೂಡಲೇ ಪ್ರಶ್ನೆ ಹೊರಗೆ ಹೋಗುತ್ತದೆ. "ಎನ್‌ಎಕ್ಸ್‌ಡೊಮೇನ್", ಅಂದರೆ ಅಂಥ ಹೆಸರೇ ಇಲ್ಲ ಅನ್ನುವ ಉತ್ತರ ಬರುತ್ತದೆ.

ಆಗ ಬಹಳ ಜನ ರೌಟರನ್ನು ಮೊದಲು, 8.8.8.8 ಎರಡನೆಯದಾಗಿ ಇಲ್ಲವೇ ಅದರ ಉಲ್ಟಾ ಬರೆಯುತ್ತಾರೆ. ಮೊದಲನೆಯದು ಇಲ್ಲ ಅಂದರೆ ಎರಡನೆಯದನ್ನು ಕೇಳಲಿ ಅನ್ನುವ ಲೆಕ್ಕ. ಅದು ಹಾಗೆ ನಡೆಯುವುದಿಲ್ಲ. "ಇಲ್ಲ" ಅನ್ನುವುದೂ ಒಂದು ಉತ್ತರವೇ. ಮೊದಲ ಸರ್ವರ್ ಮೌನವಾಗಿದ್ದರೆ ಇಲ್ಲವೇ ತನ್ನಿಂದ ಆಗುವುದಿಲ್ಲ ಅಂದರೆ ಮಾತ್ರ ಎರಡನೆಯದರ ಸರದಿ.

ಸುಲಭದ ದಾರಿ: ರೌಟರಿನಲ್ಲಿ ಪ್ರಿಂಟರಿಗೆ ಒಂದೇ ಐಪಿ ಖಾಯಂ ಮಾಡಿ, ಆ ಐಪಿ ಮತ್ತು ಹೆಸರನ್ನು ಪ್ರತಿ ಕಂಪ್ಯೂಟರಿನ /ಇಟಿಸಿ/ಹೋಸ್ಟ್ಸ್‌ನಲ್ಲಿ ಬರೆಯಿರಿ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸುವ ಮುಂಚೆ ಇಡೀ ಜಾಲದ ಹೆಸರುಗಳು ಇಂಥದೇ ಒಂದು ಫೈಲಿನಲ್ಲಿದ್ದವು. ಇವತ್ತಿಗೂ ಲಿನಕ್ಸ್ ಸಾಮಾನ್ಯವಾಗಿ ಡಿಎನ್‌ಎಸ್‌ಗಿಂತ ಮೊದಲು ಇದನ್ನೇ ನೋಡುತ್ತದೆ. ನಾಲ್ಕೈದು ಯಂತ್ರದ ಅಂಗಡಿಗೆ ಇದು ಸಾಕು. ಪರೀಕ್ಷೆಗೆ ಡಿಗ್ ಬೇಡ, ಅದು ಹೋಸ್ಟ್ಸ್ ಫೈಲ್ ನೋಡುವುದೇ ಇಲ್ಲ. "ಗೆಟ್‌ಎಂಟ್ ಹೋಸ್ಟ್ಸ್" ಆದಮೇಲೆ ಹೆಸರು ಕೊಡಿ, ಪ್ರೋಗ್ರಾಂಗಳಿಗೆ ಸಿಗುವ ಉತ್ತರವೇ ಕಾಣುತ್ತದೆ.

ಹೆಸರಿನ ಕೊನೆಗೆ .ಲೋಕಲ್ ಇದ್ದರೆ ಅದಕ್ಕೂ ನಿಮ್ಮ ಡಿಎನ್‌ಎಸ್ ಬದಲಾವಣೆಗೂ ಸಂಬಂಧವಿಲ್ಲ. ಅದನ್ನು ನೋಡುವುದು ಅವಾಹಿ ಅನ್ನುವ ಬೇರೆ ಸೇವೆ. ಅದು ನಡೆಯುತ್ತಿದೆಯಾ ನೋಡಿ.

ಆಫೀಸಿನ ವಿಪಿಎನ್ ಹಾಕಿದಾಗ ಒಳಗಿನ ಹೆಸರು ಸಿಗದಿದ್ದರೂ ಇದೇ ರೋಗ. ವಿಪಿಎನ್ ಕೊಟ್ಟ ಡಿಎನ್‌ಎಸ್ ಅನ್ನು ನಿಮ್ಮ ಬದಲಾವಣೆ ಮರೆಮಾಡಿದೆ. ನಿಮ್ಮದನ್ನು ತೆಗೆದು ಒಮ್ಮೆ ನೋಡಿ. ಸರಿ ಹೋದರೆ ಆಫೀಸಿನವರಿಗೆ ತಿಳಿಸಿ, ಅವರ ಡೊಮೇನಿಗೆ ಮಾತ್ರ ಅವರ ಸರ್ವರ್ ಬಳಸುವ ಹಾಗೆ ಮಾಡಿಕೊಡುತ್ತಾರೆ.

"ಸ್ಟೇಷನ್ ವೈಫೈಗೆ ಲಾಗಿನ್ ಪೇಜ್ ಬರವಲ್ದು"

ಹುಬ್ಬಳ್ಳಿ ಸ್ಟೇಷನ್, ಲಾಡ್ಜ್, ಆಸ್ಪತ್ರೆಗಳ ವೈಫೈ ಮೊದಲು ನಂಬರ್, ಓಟಿಪಿ ಕೇಳುವ ಪುಟ ತೋರಿಸುತ್ತದೆ. ಎಷ್ಟೋ ಕಡೆ ಆ ಪುಟ ಬರುವುದು ಅವರದೇ ಡಿಎನ್‌ಎಸ್ ಮೂಲಕ. ನೀವು ಎಲ್ಲ ಕನೆಕ್ಷನ್‌ಗೂ ಖಾಯಂ ಡಿಎನ್‌ಎಸ್ ಹಾಕಿದ್ದರೆ, ಅದರಲ್ಲೂ 853 ಪೋರ್ಟ್ ಕಡ್ಡಾಯ ಮಾಡಿದ್ದರೆ, ಪುಟ ಬರುವುದಿಲ್ಲ. ತಾತ್ಕಾಲಿಕವಾಗಿ ಆಟೋಮ್ಯಾಟಿಕ್‌ಗೆ ಬಿಡಿ, ಲಾಗಿನ್ ಆಗಿ, ಬೇಕಿದ್ದರೆ ಆಮೇಲೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಕನೆಕ್ಷನ್‌ಗೆ ಒಂದರಂತೆ ಹಾಕಿ ಅಂದದ್ದು ಇದಕ್ಕೇ.

ಡಿಗ್ "ಸರ್ವ್‌ಫೇಲ್" ಅನ್ನುತ್ತಿದ್ದರೆ

ಡಿಗ್ ಉತ್ತರದ ಮೇಲ್ಭಾಗದಲ್ಲಿ "ಸ್ಟೇಟಸ್" ಅಂತ ಒಂದು ಪದ ಇರುತ್ತದೆ. ನೋಎರರ್ ಅಂದರೆ ಸರಿ. ಎನ್‌ಎಕ್ಸ್‌ಡೊಮೇನ್ ಅಂದರೆ ಹೆಸರಿಲ್ಲ, ಅಕ್ಷರ ತಪ್ಪಿದೆಯಾ ನೋಡಿ. ರೆಫ್ಯೂಸ್ಡ್ ಅಂದರೆ ಆ ಸರ್ವರ್ ನಿಮ್ಮಂಥ ಹೊರಗಿನವರಿಗೆ ಉತ್ತರ ಕೊಡುವುದಿಲ್ಲ. ಒಂದು ಕಂಪನಿಯ ನೆಟ್ ಬಿಟ್ಟು ಇನ್ನೊಂದಕ್ಕೆ ಹೋದಮೇಲೆ ಹಳೆಯ ಕಂಪನಿಯ ಡಿಎನ್‌ಎಸ್ ಹಾಗೇ ಉಳಿದಿದ್ದರೆ ಹೀಗಾಗುತ್ತದೆ.

ಸರ್ವ್‌ಫೇಲ್ ಬಂದಾಗ ಮೊದಲು ತಾರೀಖು ನೋಡಿ. ನಿಜವಾಗಿ. "ಡೇಟ್" ಅಂತ ಕೊಡಿ. ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬಿಲ್ಲೆ ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಡಿಎನ್‌ಎಸ್ ಉತ್ತರ ಅಸಲಿ ಅಂತ ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳಿಗೆ ಅವಧಿ ಇರುತ್ತದೆ. ತಾರೀಖು ತಪ್ಪಿದ್ದರೆ ನಿಮ್ಮ ಯಂತ್ರದಲ್ಲಿ ಸಹಿ ಪರಿಶೀಲಿಸುವ ಪ್ರೋಗ್ರಾಂ ಸರಿಯಾದ ಉತ್ತರವನ್ನೂ ತಿರಸ್ಕರಿಸುತ್ತದೆ. ಇಂಟರ್‌ನೆಟ್‌ನಿಂದ ಸಮಯ ತರೋಣ ಅಂದರೆ ಸಮಯದ ಸರ್ವರಿನ ಹೆಸರಿಗೇ ಡಿಎನ್‌ಎಸ್ ಬೇಕು. ತಾರೀಖನ್ನು ಕೈಯಿಂದ ಸರಿ ಮಾಡಿ, ಸೆಲ್ ಬದಲಾಯಿಸಿ. ಸೆಲ್ ತೆಗೆಯುವಾಗ ಪವರ್ ಕೇಬಲ್ ಕಿತ್ತಿರಬೇಕು. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಜೀವಕ್ಕೇ ಅಪಾಯ.

ತಾರೀಖು ಸರಿ ಇದ್ದು, ಒಂದೇ ಸೈಟಿಗೆ ಮಾತ್ರ ಎಲ್ಲ ಸರ್ವರ್‌ಗಳಿಂದಲೂ ಸರ್ವ್‌ಫೇಲ್ ಬಂದರೆ ತಪ್ಪು ಆ ಸೈಟಿನವರದು. ನೀವು ಮಾಡುವುದೇನೂ ಇಲ್ಲ, ಕಾಯಬೇಕು.

"ಬ್ಯಾಂಕ್ ಸೈಟ್ ತೆರೆದ್ರ ಕೆಂಪು ಎಚ್ಚರಿಕೆ ಬರ್ತೈತಿ"

ಇಲ್ಲಿ ಕೈ ತೆಗೆಯಿರಿ. "ಅಡ್ವಾನ್ಸ್ಡ್" ಒತ್ತಿ ಮುಂದೆ ಹೋಗಬೇಡಿ, ಪಾಸ್‌ವರ್ಡ್ ಹಾಕಬೇಡಿ. ತಾರೀಖು ತಪ್ಪಿದ್ದರೂ ಈ ಎಚ್ಚರಿಕೆ ಬರುತ್ತದೆ, ಮೊದಲು ಅದನ್ನು ನೋಡಿ. ತಾರೀಖು ಸರಿ ಇದ್ದರೆ, ಯಾರೋ ರೌಟರಿನೊಳಗೆ ಹೊಕ್ಕು ಡಿಎನ್‌ಎಸ್ ಬದಲಾಯಿಸಿರುವ ಸಾಧ್ಯತೆ ಇದೆ. ಇದು ಬರೀ ಊಹೆಯ ಮಾತಲ್ಲ. ಡಿಎನ್‌ಎಸ್‌ಚೇಂಜರ್ ಅನ್ನುವ ಮಾಲ್‌ವೇರ್ ಇದೇ ಕೆಲಸ ಮಾಡಿ ಲಕ್ಷಾಂತರ ಕಂಪ್ಯೂಟರ್‌ಗಳನ್ನು ತಪ್ಪು ಸರ್ವರಿಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಅದರ ಹಿಂದಿನವರನ್ನು ಹಿಡಿಸಿತು.

ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆರೆದು ನೋಡಿ. ಅಲ್ಲಿ ಎಚ್ಚರಿಕೆ ಇಲ್ಲದಿದ್ದರೆ ರೌಟರ್ ಮೇಲೇ ಅನುಮಾನ. ಅದರ ಪುಟದಲ್ಲಿ ಡಿಎನ್‌ಎಸ್ ಖಾನೆ ನೋಡಿ, ಗುರುತಿಲ್ಲದ ವಿಳಾಸ ಇದ್ದರೆ ಫೋಟೋ ತೆಗೆದಿಡಿ. ರೌಟರ್ ರೀಸೆಟ್ ಮಾಡಿ, ಕಂಪನಿ ಕೊಟ್ಟ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ರೀಸೆಟ್ ಆದರೆ ಕನೆಕ್ಷನ್ ವಿವರವೂ ಅಳಿಸಬಹುದು, ಆದ್ದರಿಂದ ನೆಟ್ ಕೊಟ್ಟವರ ಸಹಾಯ ತೆಗೆದುಕೊಂಡೇ ಮಾಡಿ. ಈಗಾಗಲೇ ಪಾಸ್‌ವರ್ಡ್ ಹಾಕಿಬಿಟ್ಟಿದ್ದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ.

ಮ್ಯಾಕ್ ಇದ್ದವರಿಗೆ

ಮ್ಯಾಕ್‌ನಲ್ಲಿ ರಿಸಾಲ್ವ್.ಕಾನ್ಫ್ ಇದ್ದರೂ ಬಹಳ ಪ್ರೋಗ್ರಾಂಗಳು ಅದನ್ನು ನೋಡುವುದಿಲ್ಲ. "ಎಸ್‌ಸಿಯುಟಿಲ್ --ಡಿಎನ್‌ಎಸ್" ನಿಜಸ್ಥಿತಿ ಹೇಳುತ್ತದೆ. ಬದಲಾವಣೆಯನ್ನು ಸಿಸ್ಟಂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲೇ ಮಾಡಿ. ಲಿನಕ್ಸ್‌ನಂಥದೇ ಇನ್ನೊಂದು ಸಿಸ್ಟಂ ಆದ ಫ್ರೀಬಿಎಸ್‌ಡಿಯಲ್ಲಿ ಯಜಮಾನ ರಿಸಾಲ್ವ್‌ಕಾನ್ಫ್ ಅನ್ನುವ ಪ್ರೋಗ್ರಾಂ, ಅದರ ಪಟ್ಟಿ /ಇಟಿಸಿ/ರಿಸಾಲ್ವ್‌ಕಾನ್ಫ್.ಕಾನ್ಫ್‌ನಲ್ಲಿ.

ನೆಟ್ ಕೊಟ್ಟವರಿಗೆ ಫೋನ್ ಮಾಡುವಾಗ

"ನೆಟ್ ಬರವಲ್ದು" ಅಂದರೆ ರೌಟರ್ ಆಫ್-ಆನ್ ಮಾಡಿ ಅಂತಷ್ಟೇ ಹೇಳುತ್ತಾರೆ. ಮೂರು ಪಿಂಗ್‌ಗಳಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ, ಅವರ ಡಿಎನ್‌ಎಸ್‌ಗೆ ಡಿಗ್ ಏನು ಅಂದಿತು, 9.9.9.9ಕ್ಕೆ ಏನು ಅಂದಿತು, ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಂಡು ಹೇಳಿ. ಮನೆಯ ಎಲ್ಲ ಯಂತ್ರಗಳಲ್ಲೂ, ಮೊಬೈಲಿನಲ್ಲೂ ಅದೇ ವೈಫೈಯಲ್ಲಿ ತೊಂದರೆ ಇದೆಯಾ ಅನ್ನುವುದನ್ನೂ ಸೇರಿಸಿ. ಅಷ್ಟು ಕೇಳಿದ ಮೇಲೆ ಅವರು ಲೈನ್‌ಮನ್ ಕಳಿಸಬೇಕೋ, ತಮ್ಮ ಸರ್ವರ್ ನೋಡಬೇಕೋ ಅಂತ ಅವರಿಗೇ ತಿಳಿಯುತ್ತದೆ. ಅವರು ಸರಿ ಮಾಡಿದ ಮೇಲೆ ನೀವು ಹಾಕಿದ ತಾತ್ಕಾಲಿಕ ವಿಳಾಸಗಳನ್ನು ತೆಗೆದು ಆಟೋಮ್ಯಾಟಿಕ್‌ಗೆ ಬಿಟ್ಟು, ಗೆಟ್‌ಎಂಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.